ನೀರು ಎಳೆದ ಗೆರೆ

ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಗಂಡ ಎದ್ದು ಬಾಗಿಲ ಬಳಿ ಹೋಗಿ ನಿಂತಿದ್ದ. ಅವಳಿಗೆ ನಗು ಬಂತು. ನಿವೃತ್ತಿಯಾಗುವವರೆಗೂ ಇದೇ ದಾರಿಯಲ್ಲಿ ಬಸ್ಸು ಓಡಿಸಿದವನು, ನಿಲ್ಲುವ ಮುಂಚೆ ಎದ್ದವರನ್ನು ಕನ್ನಡಿಯಲ್ಲೇ ಗದರಿಸುತ್ತಿದ್ದವನು, ಈಗ ಹೊಸ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಏರಿಸಿ, ಶಾಲೆ ಬಿಟ್ಟ ಹುಡುಗನ ಹಾಗೆ ಆಡುತ್ತಿದ್ದಾನೆ.

"ಗುರುಗಳೇ, ಬಸ್ ನಿಂತ ಮೇಲೆ ಏಳ್ಬೇಕು ಅಂತ ನೀವೇ ಹೇಳಿಕೊಟ್ಟಿದ್ದು," ಎಂದ ಸ್ಟಿಯರಿಂಗ್ ಹಿಂದಿನ ಹುಡುಗ. ಡ್ರೈವರಣ್ಣ ನಾಚಿಕೊಂಡು ಕಂಬಿ ಹಿಡಿದ. ನಿವೃತ್ತಿಯಾದರೂ ಊರಿಗೆಲ್ಲ ಅವನು ಡ್ರೈವರಣ್ಣನೇ. ಇವತ್ತು ಬೆಳಿಗ್ಗೆ ಹತ್ತುವಾಗ ಕೂಡ ಹಳೇ ಚಾಳಿ ಬಿಟ್ಟಿರಲಿಲ್ಲ. ಯಾರೋ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿದ್ದಕ್ಕೆ, ಅದನ್ನು ಎತ್ತಿ ಅವನ ಕೈಗೇ ಕೊಟ್ಟು, "ಟವೆಲ್ಗೂ ಟಿಕೆಟ್ ತಗೊಂಡಿದ್ದೀಯೇನಪ್ಪಾ? ಮನುಷ್ಯ ಮೊದಲು ಹತ್ತಬೇಕು, ಆಮೇಲೆ ಸೀಟು," ಎಂದಿದ್ದ. ಸೀಟಿಗೆ ಟವೆಲ್ ಹಾಕುವವರನ್ನು ಕಂಡರೆ ಅವನಿಗೆ ಮೊದಲಿಂದಲೂ ಆಗುವುದಿಲ್ಲ.

ರಸ್ತೆ ಬದಿಯಲ್ಲಿ ದಲ್ಲಾಳಿ ಬೈಕಿಗೆ ಒರಗಿ ಕಾಯುತ್ತಿದ್ದ. ಅರಳು ಹುರಿದ ಹಾಗೆ ಮಾತಾಡುವ ಮನುಷ್ಯ. "ಬನ್ನಿ ಅಣ್ಣ, ಬನ್ನಿ ಅಕ್ಕ. ಇವತ್ತು ಮುಂಗಡ ಕೊಟ್ಟುಬಿಡಿ, ಜಾಗ ನಿಮ್ದು. ನಾಳೆ ಇನ್ನೊಬ್ರು ನೋಡೋಕೆ ಬರ್ತಿದ್ದಾರೆ." ನಾಳೆ ಬರುವ ಆ ಇನ್ನೊಬ್ಬರು ಎಲ್ಲ ದಲ್ಲಾಳಿಗಳಿಗೂ ಇರುತ್ತಾರೆ, ಅವರು ಬಂದದ್ದನ್ನು ಮಾತ್ರ ಕಂಡವರಿಲ್ಲ.

ಮುಂಗಡ ಅವಳ ಕೈಚೀಲದಲ್ಲಿತ್ತು. ಗಂಡನಿಗೆ ನಿವೃತ್ತಿಯಲ್ಲಿ ಬಂದದ್ದು, ಅವಳು ಬಟ್ಟೆ ಹೊಲಿಯುತ್ತಿದ್ದ ಮಳಿಗೆ ಬಿಟ್ಟಾಗ ಬಂದದ್ದು, ಎರಡೂ ಸೇರಿ ಈ ಒಂದು ಜಾಗಕ್ಕೆ ಸರಿಹೋಗುತ್ತಿತ್ತು. ಎಡವಿದರೆ ಇನ್ನೊಂದು ಸಲ ಕೊಳ್ಳುವ ಮಾತೇ ಇಲ್ಲ. ವಕೀಲರು ಕಾಗದಪತ್ರವನ್ನೆಲ್ಲ ತಿರುವಿ ಹಾಕಿ, ಎಲ್ಲ ಚೊಕ್ಕವಾಗಿದೆ ಎಂದಿದ್ದರು. ಆ ಮಾತು ಕೇಳಿದ ದಿನವೇ ಅವಳು ಕಟ್ಟಿರದ ಮನೆಯ ಕಿಟಕಿಗಳಿಗೆ ಪರದೆ ಹೊಲಿದಿಟ್ಟಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತಮ್ಮ," ಎಂದು ಮಗಳು ಫೋನಿನಲ್ಲಿ ನಕ್ಕಿದ್ದಳು. ನಗಲಿ. ಗಂಡ ತನಗಾಗಿ ಏನನ್ನಾದರೂ ಕೇಳಿದ್ದನ್ನು ಅವಳು ಕಂಡದ್ದು ಇದೇ ಮೊದಲು.

ಜಾಗ ನಿಜಕ್ಕೂ ಚೆನ್ನಾಗಿತ್ತು. ಬೇಲಿಯ ಉದ್ದಕ್ಕೂ ಮರಗಳು, ನಡುವೆ ತಟ್ಟೆಯ ಹಾಗೆ ಹರಡಿದ ಹುಲ್ಲು. ಗಂಡ ಆ ಮೂಲೆಯಿಂದ ಈ ಮೂಲೆಗೆ ಓಡಾಡಿದ. ಒಂದು ಕಡೆ ನಿಂತು ಬಾಗಿಲು ತೆರೆದ, ಇನ್ನೊಂದು ಕಡೆ ಕುರ್ಚಿ ಹಾಕಿ ಕೂತ. ಬಾಗಿಲೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ.

"ಇಲ್ಲಿ ನಿನ್ನ ಮಿಷನ್ನು. ಬೆಳಕು ಎಡಗಡೆಯಿಂದ ಬೀಳತ್ತೆ, ಸೂಜಿ ಪೋಣಿಸೋಕೆ ಕಷ್ಟ ಆಗಲ್ಲ," ಎಂದ. ಆಮೇಲೆ ಹಣೆಗೆ ಕೈ ಅಡ್ಡ ಹಿಡಿದು ಸುತ್ತ ನೋಡಿ, "ಅಲ್ಲಪ್ಪಾ, ಕೆರೆ ಎಲ್ಲಿ?" ಎಂದು ದಲ್ಲಾಳಿಯನ್ನು ಕೇಳಿದ.

"ಕೆರೆನಾ?" ದಲ್ಲಾಳಿಯ ಅರಳು ಒಂದು ಕ್ಷಣ ನಿಂತಿತು. "ಅದು... ಬೇಸಿಗೆ ಅಲ್ವಾ ಅಣ್ಣ. ಆ ಕಡೆ ಎಲ್ಲೋ ಬತ್ತಿರತ್ತೆ."

ಆ ಕೆರೆ ಅವಳಿಗೂ ಗೊತ್ತು, ಕಣ್ಣಿಂದಲ್ಲ, ಕಿವಿಯಿಂದ. ಮಳೆಗಾಲದಲ್ಲಿ ಗಂಡ ಕೆಲಸ ಮುಗಿಸಿ ಬಂದು ಬೂಟು ಬಿಚ್ಚುವ ಮುಂಚೆಯೇ ಅದರ ಸುದ್ದಿ ಹೇಳುತ್ತಿದ್ದ. ಇವತ್ತು ನೀರಲ್ಲಿ ಮೋಡ ಬಿದ್ದಿತ್ತು ಕಣೇ. ಇವತ್ತು ಬೆಳ್ಳಕ್ಕಿ ಇಳಿದಿದ್ವು, ಇಡೀ ಬಸ್ಸು ಆ ಕಡೆಗೇ ವಾಲಿತು. ಅವಳು ಗುಂಡಿ ಹೊಲಿಯುತ್ತ ಹೂಂಗುಟ್ಟುತ್ತಿದ್ದಳು. ಊರವರನ್ನೆಲ್ಲ ಅವರವರ ಸ್ಟಾಪಿನಲ್ಲಿ ಇಳಿಸಿದವನಿಗೆ ತಾನು ಇಳಿಯಬೇಕೆನ್ನಿಸಿದ ಸ್ಟಾಪು ಅದೊಂದೇ.

ಗಂಡ ಕೆರೆ ಹುಡುಕಿಕೊಂಡು ಹಿಂಬದಿಗೆ ಹೋದ. ಅವಳು ನೆರಳಿಗೆಂದು ಬೇಲಿಯ ಮರದ ಕೆಳಗೆ ಬಂದಳು. ಕಾಂಡದ ಮೇಲೆ ಒಂದು ಗೆರೆ ಕಾಣಿಸಿತು. ಅದರ ಕೆಳಗೆ ತೊಗಟೆ ಒಣಗಿದ ಕೆಸರಿನ ಬಣ್ಣ, ಮೇಲೆ ಮರದ್ದೇ ಬಣ್ಣ. ಪಕ್ಕದ ಮರದಲ್ಲೂ ಅದೇ ಗೆರೆ. ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡ ಹುಲ್ಲು, ಚಿಂದಿ, ಒಂದು ಹರಿದ ಚೀಲ, ಎಲ್ಲವೂ ಅದೇ ಎತ್ತರದಲ್ಲಿ.

ಹೊಲಿಗೆಯವಳ ಕಣ್ಣು ಅಂಚಿಗೇ ಹೋಗುವುದು. ಲಂಗದ ಅಂಚು ಮಟ್ಟವಾಗಿದೆಯೋ ಇಲ್ಲವೋ ಎಂದು ನೋಡುವವಳ ಹಾಗೆ ಅವಳು ದೂರ ಸರಿದು ಕಣ್ಣು ಕಿರಿದು ಮಾಡಿದಳು. ಒಂದು ಮರದಲ್ಲಿ ಗೆರೆ ಅವಳ ಮೊಣಕಾಲಿಗಿತ್ತು, ನೆಲ ತಗ್ಗಿದ ಕಡೆಯ ಮರದಲ್ಲಿ ಸೊಂಟಕ್ಕಿತ್ತು. ನೆಲ ಏರಿಳಿದರೂ ಗೆರೆ ಮಾತ್ರ ಒಂದೇ ಮಟ್ಟ. ಇಷ್ಟು ನೇರವಾಗಿ ಗೆರೆ ಎಳೆಯುವ ದರ್ಜಿ ನೀರಿನ ಹೊರತು ಇನ್ಯಾರೂ ಇಲ್ಲ.

ತಪ್ಪಿರಬಹುದು, ತನಗೇನು ಗೊತ್ತು ನೆಲದ ವಿಚಾರ ಎಂದು ಅವಳು ಸಮಾಧಾನ ಮಾಡಿಕೊಂಡು, ಕುಡಿಯುವ ನೀರು ಕೇಳುವ ನೆಪದಲ್ಲಿ ಬೇಲಿಯಾಚೆಯ ಮನೆಗೆ ನಡೆದಳು. ಆ ಮನೆಗೆ ಹತ್ತಲು ಮೆಟ್ಟಿಲೋ ಮೆಟ್ಟಿಲು. ಮೇಲೆ ನಿಂತು ಬಟ್ಟೆ ಒಣಹಾಕುತ್ತಿದ್ದ ಮುದುಕಿ ಚೊಂಬು ತಂದು ಕೊಟ್ಟಳು.

"ಇಷ್ಟು ಎತ್ತರಕ್ಕೆ ಯಾಕೆ ಕಟ್ಟಿದೀರಿ ಅಜ್ಜಿ?"

"ಮಳೆಗಾಲದಲ್ಲಿ ಬಾ ತಾಯಿ, ಗೊತ್ತಾಗತ್ತೆ. ಬಂದೋರಿಗೆ ಕಾಲು ತೊಳ್ಕೊಳ್ಳೋಕೆ ನೀರು ಕೊಡೋ ಕೆಲಸಾನೇ ಇರಲ್ಲ ನಮಗೆ." ಬೇಲಿಯಾಚೆ ನೋಡಿ ಮುದುಕಿ ದನಿ ತಗ್ಗಿಸಿದಳು. "ಕೊಳ್ಳೋಕೆ ಬಂದಿದೀರಾ? ಇಷ್ಟು ಚೆಂದದ ಜಾಗ ಇಷ್ಟು ದಿನ ಯಾಕೆ ಖಾಲಿ ಬಿದ್ದಿದೆ ಅಂತ ಒಬ್ಬರೂ ಕೇಳಲ್ವಲ್ಲ. ದೂರದ ಬೆಟ್ಟ ನುಣ್ಣಗೆ, ತಾಯಿ."

ಅವಳು ಚೊಂಬು ಹಿಂದಿರುಗಿಸಿ ಮೆಟ್ಟಿಲಿಳಿದಳು. ವಕೀಲರ ತಪ್ಪೇನಿಲ್ಲ, ಕಾಗದದಲ್ಲಿ ನೀರು ನಿಲ್ಲುವುದಿಲ್ಲವಲ್ಲ. ಆದರೆ ಇದನ್ನು ಅವನಿಗೆ ಹೇಗೆ ಹೇಳುವುದು? ಸುಮ್ಮನಿದ್ದುಬಿಟ್ಟರೆ ಇವತ್ತೊಂದು ದಿನ ಅವನು ರಾಜನ ಹಾಗೆ ಮನೆಗೆ ಬಂದಾನು. ಮಳೆಗಾಲದ ಹೊತ್ತಿಗೆ ಅದೇ ರಾಜ ಸೊಂಟದ ನೀರಲ್ಲಿ ಪಾತ್ರೆ ಹಿಡಿದು ನಿಲ್ಲಬೇಕಾದೀತು. ಅವಳಿಗೆ ಅವನನ್ನು ನೆನೆದು ಅಯ್ಯೋ ಎನ್ನಿಸಿತು, ಜೊತೆಗೆ ಹಿಂದೆಂದೂ ಬರದಷ್ಟು ಪ್ರೀತಿಯೂ ಬಂತು.

ಗಂಡ ಬೆವರು ಒರೆಸಿಕೊಳ್ಳುತ್ತ ಬಂದ. "ವಿಚಿತ್ರ ಕಣೇ. ಹಿಂದೆ ಏನೂ ಇಲ್ಲ. ಏರಿ ಇಲ್ಲ, ತೂಬಿಲ್ಲ. ಅಷ್ಟು ದೊಡ್ಡ ಕೆರೆ ಎಲ್ಲಿ ಹೋಯ್ತು?"

ಅವಳು ಅವನ ಕೈ ಹಿಡಿದು ಮರದ ಹತ್ತಿರ ಕರೆದುಕೊಂಡು ಬಂದಳು. ಅವನ ಬೆರಳನ್ನು ಆ ಗೆರೆಯ ಮೇಲಿಟ್ಟಳು. ಆಮೇಲೆ ಪಕ್ಕದ ಮರದ ಮೇಲೆ, ಬೇಲಿಯ ಚಿಂದಿಯ ಮೇಲೆ.

"ರೀ, ನಾವು ಕೆರೇಲೇ ನಿಂತಿದೀವಿ."

ಅವನು ಗೆರೆಯನ್ನು ನೋಡಿದ, ತನ್ನ ಕಾಲನ್ನು ನೋಡಿದ. ಕುರ್ಚಿ ಹಾಕಿದ್ದ ಜಾಗವನ್ನು ನೋಡಿದ. ಅವನ ಮುಖ ಚಿಕ್ಕದಾಯಿತು. ಅವಳಿಗೆ ಅದನ್ನು ನೋಡಲಾಗಲಿಲ್ಲ, ನೋಡದಿರಲೂ ಆಗಲಿಲ್ಲ.

ದಲ್ಲಾಳಿ ವಾಸನೆ ಹಿಡಿದು ಓಡಿ ಬಂದ. "ಅಯ್ಯೋ ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಅಣ್ಣ. ಒಂದಷ್ಟು ಲಾರಿ ಮಣ್ಣು ಹೊಡೆಸಿಬಿಟ್ರೆ ಒಂದು ಹನಿ ನಿಲ್ಲಲ್ಲ."

ಒಂದು ಕ್ಷಣ ಗಂಡನ ಕಣ್ಣಲ್ಲಿ ಆಸೆ ಮಿನುಗಿತು. ಅವಳ ಕೈ ತಾನಾಗಿ ಚೀಲವನ್ನು ಅವುಚಿಕೊಂಡಿತು. ಅವನು ಬಗ್ಗಿ ಒಂದು ಹುಲ್ಲೆಸಳು ಕಿತ್ತ.

"ಮಣ್ಣು ಹೊಡೆಸಿದ್ರೆ," ಎಂದ, "ಬೆಳ್ಳಕ್ಕಿ ಎಲ್ಲಿಗಪ್ಪಾ ಇಳೀಬೇಕು?"

ದಲ್ಲಾಳಿ ನಾಳೆ ಬರುವವರ ಹೆಸರನ್ನು ಇನ್ನೊಮ್ಮೆ ಎತ್ತಿ, ಅವರಿಗಾದರೂ ಒಳ್ಳೆಯದಾಗಲಿ ಎಂದು ಡ್ರೈವರಣ್ಣ ಹಾರೈಸಿದ ಮೇಲೆ, ಬೈಕು ಹತ್ತಿ ಹೋದ.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಈ ಬದಿ ಬರೀ ಬಿಸಿಲು. ಎದುರುಬದಿ ಕಲ್ಲುನೆಲದ ಏರು, ಅದರ ಮೇಲೆ ಮರದ ನೆರಳಲ್ಲೊಂದು ಅಗಲ ಬಂಡೆ. ಇಬ್ಬರೂ ದಾಟಿ ಹತ್ತಿ ಕೂತರು. ಅವಳು ಕಟ್ಟಿಕೊಂಡು ಬಂದಿದ್ದ ಡಬ್ಬಿ ಬಿಚ್ಚಿದಳು. ಅವನು ತಿನ್ನಲಿಲ್ಲ.

"ನಾನೊಬ್ಬ ದಡ್ಡ. ದಿನಾ ನೋಡಿದೀನಿ ಅಂತ ಎಷ್ಟು ಕೊಚ್ಕೊಂಡೆ. ಬೇಸಿಗೇಲಿ ಈ ಹುಲ್ಲು ಕಂಡಾಗೆಲ್ಲ ಕೆರೆ ಇದರ ಹಿಂದೆ ಎಲ್ಲೋ ಬತ್ತಿದೆ ಅಂದ್ಕೋತಿದ್ದೆ. ಓಡೋ ಬಸ್ಸಲ್ಲಿ ಕೂತು ನೋಡಿದ್ದೂ ಒಂದು ನೋಟಾನಾ? ಒಂದು ಸಲ ಇಳಿದು ಕಾಲಿಟ್ಟಿದ್ರೆ ಗೊತ್ತಾಗ್ತಿತ್ತು."

"ನೀವು ಮೆಚ್ಚಿದ್ದು ಸುಳ್ಳಲ್ಲ ಬಿಡಿ. ನೀವು ಮೆಚ್ಚಿದ್ದು ನೀರನ್ನ. ಅದರೊಳಗೆ ಮನೆ ಕಟ್ಟಿದ್ರೆ ಅದನ್ನ ನೋಡೋದು ಎಲ್ಲಿ ಬಂತು?" ಒಂದು ತುತ್ತು ಮಾಡಿ ಅವನ ಕೈಗಿಟ್ಟಳು. "ತಿನ್ನಿ. ಊಟದ ಮೇಲೆ ಯಾಕೆ ಕೋಪ."

ಅವನು ಅಗಿಯುತ್ತ ಕೆಳಗೆ ನೋಡಿದ. ಬಂಡೆ ಹೆಚ್ಚುಕಡಿಮೆ ಡ್ರೈವರ್ ಸೀಟಿನಷ್ಟೇ ಎತ್ತರದಲ್ಲಿತ್ತು. ಕೆಳಗೆ ರಸ್ತೆ, ಅದರಾಚೆ ಬೇಲಿಯ ಮರಗಳು, ತಟ್ಟೆಯ ಹಾಗೆ ಹರಡಿದ ಆ ಹುಲ್ಲು. ಅವನ ಅಗಿತ ನಿಂತಿತು.

"ಇಲ್ಲಿಂದ ಹಾಗೇ ಕಾಣತ್ತೆ ಕಣೇ. ನಾನು ನೋಡ್ತಿದ್ದ ಹಾಗೇ."

"ಈ ಕಡೆ ಯಾವತ್ತೂ ನೋಡಿರಲಿಲ್ವಾ?"

"ಹೋಗ್ತಾ ನನ್ನ ಕಿಟಕಿ ಆ ಕಡೆ. ಈ ಕಡೆ ಪೂರ್ತಿ ನಿಂತಿರೋ ಜನ. ಬರ್ತಾ ಕತ್ತಲೆ." ತಲೆ ಕೆರೆದುಕೊಂಡ. "ಇಲ್ಲೊಂದು ಬಂಡೆ ಇದೆ ಅಂತಾನೇ ಗೊತ್ತಿರಲಿಲ್ಲ."

ಅವಳು ಎದ್ದು ಆ ಮರದ ಕಾಂಡವನ್ನು ಸುತ್ತಿ ಬಂದಳು. ಬುಡದಿಂದ ಕೊಂಬೆಯವರೆಗೂ ಒಂದೇ ಬಣ್ಣ, ಎಲ್ಲೂ ಗೆರೆಯಿಲ್ಲ. ಕಲ್ಲುನೆಲ, ಬೆಳೆ ಬಾರದು, ಅದಕ್ಕೇ ಯಾರೂ ಮುಟ್ಟಿಲ್ಲ. ಒಂದು ಮನೆ ನಿಲ್ಲಲು ಬೆಳೆ ಯಾಕೆ ಬೇಕು? ಈ ಮಾತನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಈಗಷ್ಟೇ ಒಂದು ಕುಲಾವಿ ಬಿಚ್ಚಿಟ್ಟಿದ್ದಾಗಿತ್ತು.

"ಹೊಸ ಬಟ್ಟೆ ನೀರಲ್ಲಿ ಅದ್ದದೆ ಕತ್ತರಿ ಹಾಕಬಾರದು," ಎಂದಳು ಬಂದು ಕೂತು. "ಈ ಏರು ಯಾರದ್ದು ಅಂತ ಆ ಅಜ್ಜೀನ ಕೇಳೋಣ. ಮಳೆಗಾಲದಲ್ಲಿ ಇನ್ನೊಂದು ಸಲ ಬರೋಣ, ಛತ್ರಿ ಹಿಡ್ಕೊಂಡು. ಜೋರಾಗಿ ಹೊಡೀತಾ ಇರುವಾಗ್ಲೇ ಬರೋಣ."

"ಅಷ್ಟರಲ್ಲಿ ಬೇರೆ ಯಾರಾದ್ರೂ..."

"ನಾಳೆ ಬರೋರಾ?" ಎಂದಳು ಅವಳು.

ಆ ಗೆರೆ ನೋಡಿದ ಮೇಲೆ ಅವನು ಮೊದಲ ಸಲ ನಕ್ಕ. ಡಬ್ಬಿ ಖಾಲಿಯಾಯಿತು. ದೂರದಲ್ಲಿ ಹಾರನ್ ಕೇಳಿಸಿತು. ಯಾವ ಗಾಡಿ, ಯಾರು ಓಡಿಸುತ್ತಿದ್ದಾರೆ ಎಂಬುದು ಅದರಿಂದಲೇ ಅವನಿಗೆ ತಿಳಿಯುತ್ತದೆ. "ನೀನು ಮೆಲ್ಲಗೆ ಇಳೀತಿರು, ಬಂದೆ," ಎಂದ. ಅವಳು ಇಳಿದು ಕೈ ಒಡ್ಡಿ ಬಸ್ಸು ನಿಲ್ಲಿಸುವ ಹೊತ್ತಿಗೆ ಹಿಂದೆಯೇ ಬಂದು ಸೇರಿಕೊಂಡ. ಬಸ್ಸು ನಿಲ್ಲುವವರೆಗೂ ಶಿಸ್ತಾಗಿ ಕಾದು, ಆಮೇಲೆ ಹತ್ತಿದ.

ಸೀಟು ಸಿಕ್ಕಿತು. ಬಸ್ಸು ಹೊರಟಾಗ ಅವಳಿಗೆ ಅವನ ಹೆಗಲು ಬೋಳಾಗಿ ಕಂಡಿತು. "ರೀ, ಟವೆಲ್..." ಎಂದು ಬಾಯಿ ತೆರೆದವಳು ಕಿಟಕಿಯಾಚೆ ತಿರುಗಿದಳು. ಅವನು ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದ, ಕಿವಿ ಮಾತ್ರ ಕೆಂಪಗಾಗಿತ್ತು. ಅವಳು ಸರಿದು ಅವನ ತೋಳಿಗೆ ಒರಗಿದಳು.

ಏರಿನ ಮೇಲೆ, ಮರದ ನೆರಳಲ್ಲಿ, ಬಂಡೆಯ ಮೇಲೆ ಟವೆಲ್ ಹಾಸಿತ್ತು. ಗಾಳಿಗೆ ಹಾರದ ಹಾಗೆ ಅದರ ಮೇಲೊಂದು ಕಲ್ಲಿತ್ತು.