ಹಗಲು ನಿದ್ದೆ

ದರ್ಜಿ ಹೆಂಗಸಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೈಯಲ್ಲೊಂದು ಕತ್ತರಿ, ಬಾಯಲ್ಲೊಂದು ಕತ್ತರಿ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಅವರಪ್ಪನ ಗಂಟೇನು ಹೋಗುತ್ತದೆ? ಹತ್ತು ವರ್ಷದ ಮಗಳು ಬರೆಯುತ್ತ ಬರೆಯುತ್ತಲೇ ಪುಸ್ತಕದ ಮೇಲೆ ಬೀಳುತ್ತಾಳೆ, ಬಾಯಿಗಿಟ್ಟ ತುತ್ತು ನುಂಗುವ ಮೊದಲೇ ನಿದ್ದೆ ಹೋಗುತ್ತಾಳೆ. ಅದನ್ನು ಸೋಮಾರಿತನ ಎನ್ನುವವರ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತೇ? ಕ್ಲಾಸ್ ಟೀಚರು ಮಗುವಿಗೆ ಕುಂಭಕರ್ಣ ಎಂದು ಹೆಸರಿಟ್ಟಾಗ ಅವಳು ಸ್ಟಾಫ್ ರೂಮಿಗೇ ನುಗ್ಗಿ, ಆಕೆಯ ಏಳು ಜನ್ಮ ಜಾಲಾಡಿಸಿ ಬಂದಿದ್ದಳು. ‘ಎರಡು ಬಿಗಿ, ನಿದ್ದೆ ತಾನಾಗಿ ಹೋಗುತ್ತೆ’ ಎಂದ ಸ್ವಂತ ಅಣ್ಣನ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಇದು ಮೆದುಳಿನ ತೊಂದರೆ ಇರಬಹುದು ಎಂದು ಮೊದಲು ಹೇಳಿದ್ದು ಬೀದಿ ಕೊನೆಯ ಕ್ಲಿನಿಕ್ಕಿನ ಮುದಿ ಡಾಕ್ಟರು. ನಿದ್ದೆಯನ್ನೂ ಎಚ್ಚರವನ್ನೂ ಅವುಗಳ ಜಾಗದಲ್ಲಿಡುವ ಶಕ್ತಿ ಮೆದುಳಿನಲ್ಲಿ ಕುಂದಿದರೆ, ರಾತ್ರಿಯೆಲ್ಲ ಮಲಗಿದರೂ ಹಗಲು ನಿದ್ದೆ ಬಿಡುವುದಿಲ್ಲವಂತೆ. ಅದಕ್ಕೆ ಔಷಧಿ ಇದೆ. ಆದರೆ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಖಾತ್ರಿಯಾಗದೆ ಕೊಡುವ ಹಾಗಿಲ್ಲ. ಇತ್ತ ಶಾಲೆಯವರು, ಇದಕ್ಕೊಂದು ದಾರಿ ಕಾಣದಿದ್ದರೆ ಮುಂದಿನ ವರ್ಷ ಮಗುವನ್ನು ಇಟ್ಟುಕೊಳ್ಳುವುದಿಲ್ಲ ಎಂದುಬಿಟ್ಟಿದ್ದರು. ತಿಂಗಳುಗಟ್ಟಲೆ ಕಾದ ಮೇಲೆ ಇವತ್ತು ಸರದಿ ಸಿಕ್ಕಿತ್ತು.

ಪರೀಕ್ಷೆಯ ಕೋಣೆಯಲ್ಲಿ ಒಂದು ಮಂಚ, ಹೊದೆಯಲು ಕಂಬಳಿ, ಕಿಟಕಿಗೆ ದಪ್ಪ ಪರದೆ, ಮೂಲೆಯಲ್ಲಿ ಕ್ಯಾಮೆರಾ. ಸಿಸ್ಟರ್ ಮಗುವಿನ ತಲೆಗೆ, ಗಲ್ಲಕ್ಕೆ, ಕಣ್ಣಿನ ಪಕ್ಕಕ್ಕೆ ತಂತಿಗಳನ್ನು ಅಂಟಿಸಿದಳು. ಹಗಲಲ್ಲೇ ಐದು ಸಲ, ನಡುನಡುವೆ ಬಿಡುವು ಕೊಟ್ಟು, ಕತ್ತಲು ಮಾಡಿ ಮಲಗಿಸುತ್ತಾರೆ. ನಿದ್ದೆ ಎಷ್ಟು ಬೇಗ ಹತ್ತಿತು, ಕನಸಿನ ನಿದ್ದೆ ಎಷ್ಟು ಬೇಗ ಬಂತು ಎಂಬುದನ್ನು ಯಂತ್ರ ಗುರುತಿಸುತ್ತದೆ. ತಾಯಿ ಹೊರಗಿನ ಬೆಂಚಿನಲ್ಲಿ ಕುಳಿತಳು.

ಎರಡು ಸಲ ದೀಪ ಆರಿತು. ಎರಡು ಸಲವೂ ಮಗು ನಿದ್ದೆ ಮಾಡಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರು ಹೊರಬಂದು ಕನ್ನಡಕ ಒರೆಸಿಕೊಂಡರು. “ನಿಮ್ಮ ಮಗೂಗೆ ಏನೂ ಆಗಿಲ್ಲಮ್ಮ. ಕತ್ತಲಲ್ಲಿ ಬಿಟ್ರೂ ಕಣ್ಣು ಬಿಟ್ಕೊಂಡೇ ಇದ್ದಾಳೆ. ಮೊಬೈಲ್ ಕಡಿಮೆ ಮಾಡಿ, ಒಂಚೂರು ಶಿಸ್ತು ಕಲಿಸಿ. ಬೇಕಾದ್ರೆ ಇನ್ನೊಂದು ಸಲ ನೋಡಿ ನಿಲ್ಲಿಸಿಬಿಡೋಣ.”

“ಮೊಬೈಲಾ? ನಮ್ಮನೇಲಿರೋದು ಬಟನ್ ಫೋನು ಸ್ವಾಮಿ, ಅದನ್ನ ನೋಡ್ತಾ ಕೂತ್ರೆ ನಿಮಗೂ ನಿದ್ದೆ ಬರುತ್ತೆ! ಮನೇಲಿ ಊಟದ ತಟ್ಟೆ ಮೇಲೆ ಬೀಳೋ ಮಗು ಇಲ್ಲಿ ಮಲಗಲಿಲ್ಲ ಅಂದ್ರೆ ಯಾಕೆ ಅಂತ ಕೇಳ್ಬೇಕಾದ್ದು ಯಾರು? ನಾನಾ, ನೀವಾ?”

“ಕೂಗಾಡಬೇಡಿ. ಇದು ಆಸ್ಪತ್ರೆ.”

“ಆಸ್ಪತ್ರೆ ಅಂತಾನೇ ಬಂದಿದ್ದು! ಛತ್ರ ಅಂತ ಬರಲಿಲ್ಲ!”

ಅವರು ಬೆನ್ನು ತಿರುಗಿಸಿದರು. ಅವಳಿಗೆ ಅಂಗಾಲಿನಿಂದ ನೆತ್ತಿಗೆ ಬೆಂಕಿ ಏರಿತು. ಅದೇ ಉರಿಯಲ್ಲಿ ಮಗಳನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ಲಂಗ ಎತ್ತಿ ಹಿಡಿದಾಗ ಮಗುವಿನ ತೊಡೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಕಂಡವು. ಕೆಲವು ಒಣಗಿದ್ದವು, ಕೆಲವು ಹಸಿಯಾಗಿದ್ದವು. ಮಗಳ ಬಿಗಿ ಮುಷ್ಟಿಯನ್ನು ಬಿಡಿಸಿದರೆ ನೀಲಿ ತಲೆಯ ಗುಂಡುಸೂಜಿ. ಅಳತೆ ಹಿಡಿಯುವಾಗ ಬಟ್ಟೆಗೆ ಚುಚ್ಚಲೆಂದು ತಾಯಿಯೇ ಡಬ್ಬಿಯಲ್ಲಿ ಇಟ್ಟುಕೊಳ್ಳುವ ಸೂಜಿ.

“ಯಾರು ಹೇಳಿಕೊಟ್ರು ಇದನ್ನ? ಹೇಳು! ಆ ಟೀಚರಾ? ಅವಳ ಕೈ ಮುರೀತೀನಿ!”

“ಯಾರೂ ಇಲ್ಲಮ್ಮ. ನಾನೇ.”

“ಯಾಕೇ?”

“ನಾನು ಮಲಗಿದ್ರೆ ಎಲ್ರೂ ಬೈತಾರೆ. ಅವರು ಬೈದ್ರೆ ನೀನು ಜಗಳಕ್ಕೆ ಹೋಗ್ತೀಯ. ನೀನು ಬಂದು ಹೋದ್ಮೇಲೆ ಮಿಸ್‌ಗೆ ನನ್ನ ಮೇಲೆ ಇನ್ನೂ ಜಾಸ್ತಿ ಸಿಟ್ಟು ಬರುತ್ತೆ.” ಮಗು ಸೂಜಿಯನ್ನೇ ನೋಡುತ್ತಿತ್ತು. “ಚುಚ್ಕೊಂಡ್ರೆ ಯಾರೂ ಜಗಳ ಆಡಲ್ಲ.”

ಬಾಯಲ್ಲಿನ ಕತ್ತರಿ ಮೊದಲ ಸಲ ಮೊಂಡಾಯಿತು. ಇಷ್ಟು ದಿನ ಯಾರಿಗಾಗಿ ಬೀದಿಗಿಳಿದು ಕಾದಾಡಿದಳೋ, ಆ ಮಗು ಅವಳ ಕಾದಾಟಕ್ಕೇ ಹೆದರಿ ಮೈ ಚುಚ್ಚಿಕೊಂಡಿತ್ತು. ಕೋಪವೇನೂ ಇಳಿಯಲಿಲ್ಲ, ಎದೆಯೊಳಗೆ ಕುದಿಯುತ್ತಲೇ ಇತ್ತು. ಆದರೆ ಈಗ ಬಾಯಿ ತೆರೆದರೆ ಮಗು ಮತ್ತೆ ಎಚ್ಚರವಿರುತ್ತದೆ. ಅವಳು ತುಟಿ ಕಚ್ಚಿಕೊಂಡು ಗಾಯ ತೊಳೆದಳು. ಸೂಜಿಯನ್ನು ಸಿಸ್ಟರ್ ಕೈಗೆ ಕೊಟ್ಟು, ಕಂಡದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದಳು. ಸಿಸ್ಟರ್ ಡಾಕ್ಟರ ಕೋಣೆಗೆ ಹೋಗಿಬಂದು, “ಈ ಸಲ ಮಲಗೋವರೆಗೂ ನೀವೂ ಒಳಗಿರಿ” ಎಂದಳು.

ಮೂರನೇ ಸಲ ದೀಪ ಆರಿತು. ತಾಯಿ ಮಂಚದ ಪಕ್ಕ ನೆಲದಲ್ಲಿ ಕುಳಿತಳು.

“ಮಲಗು ಮರಿ.”

“ಹಗಲಲ್ಲಾ?”

“ಹೂಂ. ಹಗಲಲ್ಲೇ.”

“ನೀನು ಯಾರಿಗೂ ಬೈಯಲ್ಲ ತಾನೆ?”

“ಯಾರಿಗೂ ಇಲ್ಲ.”

“ಡಾಕ್ಟರಿಗೂ...” ಮಾತು ಮುಗಿಯುವ ಮೊದಲೇ ಮಗು ನಿದ್ದೆಗೆ ಜಾರಿತ್ತು.

ಸಿಸ್ಟರ್ ಬಾಗಿಲ ಸಂದಿಯಿಂದ ಕೈಬೀಸಿ ತಾಯಿಯನ್ನು ಕರೆದಳು. ಪಕ್ಕದ ಕೋಣೆಯಲ್ಲಿ ಡಾಕ್ಟರು ಯಂತ್ರದ ಪರದೆಯ ಮೇಲಿನ ಗೆರೆಗಳತ್ತ ಬಗ್ಗಿ ನಿಂತಿದ್ದರು. “ನೇರವಾಗಿ ಕನಸಿಗೇ ಹೋಗಿಬಿಟ್ಟಿದ್ದಾಳೆ,” ಎಂದರು. “ಆರೋಗ್ಯವಾಗಿರೋ ಮಗೂಗೆ ಹೀಗಾಗಬಾರದು. ಉಳಿದ ಎರಡು ಸಲಾನೂ ನೋಡ್ತೀನಿ. ಮೊದಲಿನ ಎರಡರ ಬದಲು ಇನ್ನೊಂದು ದಿನ ನಾನೇ ಕರೆಸ್ತೀನಿ.” ಬೈಯಲು ಅವಳ ನಾಲಿಗೆಯ ತುದಿಯಲ್ಲಿ ನೂರು ಮಾತು ಬಂದು ನಿಂತವು. “ಯಾವತ್ತು ಬರ್ಬೇಕು?” ಎಂದಷ್ಟೇ ಕೇಳಿದಳು.

“ಇಷ್ಟು ಸಾಕು, ಎಬ್ಬಿಸಿ,” ಎಂದಳು ಸಿಸ್ಟರ್.

ಮೂವರೂ ಒಳಗೆ ಹೋದರು. ಸಿಸ್ಟರ್ ದೀಪ ಹಾಕಿದಳು. ತಾಯಿ ಮಗಳ ಭುಜವನ್ನು ಮೆಲ್ಲಗೆ ತಟ್ಟಿದಳು. ಮಗು ಬೆಚ್ಚಿಬಿದ್ದು ಎದ್ದಿತು. ಯಾರ ಮುಖವನ್ನೂ ನೋಡದೆ ಮಂಚದಿಂದ ಇಳಿದು, ತಂತಿಗಳನ್ನು ಎಳೆದುಕೊಂಡೇ ನಡೆದು, ಗೋಡೆಗೆ ಮುಖ ಮಾಡಿ ಎರಡೂ ಕೈ ಎತ್ತಿ ನಿಂತಿತು.

“ಸಾರಿ ಮಿಸ್,” ಎಂದಿತು. “ಇನ್ಮೇಲೆ ಮಲಗಲ್ಲ.”