ಇಂಟರ್‌ವಲ್‌ಗೆ ಮುಂಚೆ ಸಾಯುವವನು

ಸಾಯುವುದು ನನ್ನ ಕಸುಬು. ನಮ್ಮ ಕಂಪನಿಯ ಪೊಲೀಸ್ ಸಿನಿಮಾಗಳಲ್ಲಿ ಇನ್ಸ್‌ಪೆಕ್ಟರನ ಅಪ್ಪನಾಗಿ ಗುಂಡು ತಿಂದೆ. ದೆವ್ವದ ಸಿನಿಮಾಗಳಲ್ಲಿ ನಾಯಕಿಯ ತಾತನಾಗಿ ಬಾವಿಗೆ ಬಿದ್ದೆ. ಕುಸ್ತಿ ಸಿನಿಮಾಗಳಲ್ಲಿ ಪೈಲ್ವಾನನ ಗುರುವಾಗಿ ಎದೆ ಹಿಡಿದುಕೊಂಡು ಕುಸಿದೆ. ನಾನು ಇಂಟರ್‌ವಲ್‌ಗೆ ಮುಂಚೆ ಸತ್ತರೆ ಚಿತ್ರ ಓಡುತ್ತದೆ ಎಂಬುದು ಯಜಮಾನರ ನಂಬಿಕೆ. ಒಮ್ಮೆ ಬದುಕಲು ಬಿಟ್ಟಿದ್ದರು. ಆ ಚಿತ್ರ ಮೊದಲ ವಾರವೇ ಮಲಗಿತು. ಮತ್ತೆ ಯಾರೂ ಆ ಧೈರ್ಯ ಮಾಡಲಿಲ್ಲ.

ಗಡ್ಡ ಬದಲಾಗುತ್ತಿತ್ತು, ಮಾತು ಇರುತ್ತಿರಲಿಲ್ಲ. "ಮಗಾ..." ಅನ್ನುವಷ್ಟರಲ್ಲಿ ಕತ್ತು ವಾಲಿಸಬೇಕು, ಅಷ್ಟೇ.

ಯಜಮಾನರ ಅಳಿಯ ಬಂದ ಮೇಲೆ ಹೊಸ ಯೋಚನೆ ಹೊರಟಿತು. ಮೂರು ಬಗೆಯ ಸಿನಿಮಾಗಳದ್ದೂ ಇನ್ನು ಒಂದೇ ಪ್ರಪಂಚ. ಇನ್ಸ್‌ಪೆಕ್ಟರ್, ನಾಯಕಿ, ಪೈಲ್ವಾನ ಒಂದೇ ಚಿತ್ರದಲ್ಲಿ ಸೇರಬೇಕು. ಮೊದಲ ದೃಶ್ಯದಲ್ಲಿ ಮೂವರೂ ಮೇಜಿನ ಸುತ್ತ ಕೂತು, ತಮ್ಮ ಸತ್ತವರ ಫೋಟೋ ತೆಗೆದಿಟ್ಟು ದುಃಖ ಹಂಚಿಕೊಳ್ಳಬೇಕು. ಶೂಟಿಂಗ್ ದಿನ ಸಾಮಾನಿನ ಕೋಣೆಯವನು ಹಳೆ ಪೆಟ್ಟಿಗೆಗಳಿಂದ ಫೋಟೋಗಳನ್ನು ಹುಡುಕಿ ಕೊಟ್ಟಿದ್ದ.

"ಇವರು ನಮ್ಮಪ್ಪ" ಎಂದ ಇನ್ಸ್‌ಪೆಕ್ಟರ್.

"ಇವರು ನಮ್ಮ ತಾತ" ಎಂದಳು ನಾಯಕಿ.

ಪೈಲ್ವಾನ ತನ್ನ ಫೋಟೋ ಇಟ್ಟವನು ನಗು ತಡೆಯಲಾರದೆ ಮೇಜಿನ ಕೆಳಗೆ ಹೋದ. ಮೇಜಿನ ಮೇಲೆ ಮೂರು ಫೋಟೋಗಳಲ್ಲೂ ಇದ್ದವನು ನಾನೇ.

"ಇಷ್ಟು ವರ್ಷ ಯಾರಿಗೂ ಕಾಣಲಿಲ್ವಾ?" ಅಳಿಯ ಕೂಗಿದರು.

"ಸಾಯೋರ ಮುಖ ಯಾರು ನೋಡ್ತಾರೆ ಸಾರ್?" ಎಂದರು ನಿರ್ದೇಶಕರು. "ಕ್ಯಾಮೆರಾ ಅಳೋರ ಮೇಲಲ್ವಾ ಇರೋದು!"

ಹಳೆ ಚಿತ್ರಗಳಲ್ಲಿ ಕಂಪ್ಯೂಟರ್ ಬಳಸಿ ನನ್ನ ಮುಖ ಅಳಿಸಿ, ಬೇರೆಯವರದ್ದು ಕೂರಿಸುವುದೆಂದು ತೀರ್ಮಾನವಾಯಿತು. "ತಾತಾ, ತಪ್ಪು ತಿಳ್ಕೋಬೇಡಿ" ಎಂದರು ಅಳಿಯ.

ತಪ್ಪೇನೂ ತಿಳಿಯಲಿಲ್ಲ. ಆದರೆ ಮನೆಗೆ ಬಂದರೆ ಊಟ ಸೇರಲಿಲ್ಲ. ನನ್ನ ದುಡಿಮೆಯೆಲ್ಲ ಆ ಮುಖದಲ್ಲೇ ಇತ್ತು. ಇನ್ನು ನನ್ನ ಸಾವನ್ನೂ ಇನ್ನೊಬ್ಬ ಸಾಯುತ್ತಾನೆ.

ಮರುದಿನ, ವಿಷಯ ಕೇಳಿದ ನನ್ನ ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಜೊತೆಗೆ ಹೊರಟಳು. ಆಫೀಸಿನಲ್ಲಿ ಎಲ್ಲರೂ ಸೇರಿದ್ದರು. ಕಥೆ ಬರೆಯುವವನು ತಲೆ ಮೇಲೆ ಕೈ ಹೊತ್ತಿದ್ದ.

"ಅಮ್ಮಾ, ಒಂದು ದಾರಿ ಇದೆ. ಇವರಿಗೆ ಗುಟ್ಟಾಗಿ ಮೂರು ಸಂಸಾರ ಇತ್ತು ಅಂತ ಮಾಡಿಬಿಟ್ರೆ..."

"ಮೂರು ಸಂಸಾರವಾ? ಈ ಮುಖಕ್ಕಾ? ಇರೋ ಒಂದು ಮನೆಯ ನಲ್ಲಿ ರಿಪೇರಿ ಮಾಡ್ಸಿ ಅಂದ್ರೆ ಸತ್ತೋರ ಹಾಗೆ ಬಿದ್ಕೋತಾರೆ! ನಾನೇ ಮಾಡ್ಸಿದ ಮೇಲೆ ಎದ್ದು ಬಂದು ಕಾಫಿ ಕೇಳ್ತಾರೆ!"

ಅವನ ಕೈ ತಲೆಯಿಂದ ಇಳಿಯಿತು. "ಸಾರ್, ಇವರು ಸತ್ತೇ ಇಲ್ಲ! ಮೂರು ಕಡೆನೂ ಸತ್ತ ಹಾಗೆ ನಟಿಸಿ ಟೋಪಿ ಹಾಕಿದ್ದಾರೆ. ಇವರೇ ಖಳನಾಯಕ! ಮುಖ ಅಳಿಸೋ ಹಾಗೇ ಇಲ್ಲ!"

ಅಳಿಯ ಕುಣಿದೇಬಿಟ್ಟರು. ಯಜಮಾನರು ಮಾತ್ರ ಅಲುಗಲಿಲ್ಲ. "ಎಲ್ಲಾ ಸರಿ. ಇಂಟರ್‌ವಲ್‌ಗೆ ಮುಂಚೆ ಸಾಯ್ಬೇಕು."

"ಮಾವಾ, ಖಳನಾಯಕ ಅರ್ಧಕ್ಕೇ ಸತ್ರೆ ಆಮೇಲೆ ಯಾರನ್ನ ಹೊಡೆಯೋದು?"

"ಅದು ನಂಗೊತ್ತಿಲ್ಲ. ಸಾಯ್ಬೇಕು."

ಎಲ್ಲರೂ ನನ್ನನ್ನು ನೋಡಿದರು. ನಾನು ಮೆಲ್ಲಗೆ ಹೇಳಿದೆ: "ಸಾಯ್ತೀನಿ ಯಜಮಾನ್ರೇ. ಆಮೇಲೆ ಎದ್ದು ಬರ್ತೀನಿ. ನಂಗದು ರೂಢಿ ಇದೆ."

ಚಿತ್ರ ಬಿಡುಗಡೆಯಾದ ದಿನ ಇಬ್ಬರೂ ಹೋಗಿ ಕೂತೆವು. ನಾನು ಮಹಡಿಯಿಂದ ಬಿದ್ದು ಸತ್ತೆ. ಇಂಟರ್‌ವಲ್ ದೀಪ ಹತ್ತಿತು. "ಮುದುಕ ಸತ್ತ, ಇನ್ನೇನಿದೆ? ನಡೀರೋ" ಎಂದು ಪಕ್ಕದವರು ಎದ್ದರು.

ನನ್ನವಳು ಅವರಿಗೆ ಅಡ್ಡ ನಿಂತಳು. "ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ! ನಮ್ಮನೆಯವರು ಸತ್ತಿಲ್ಲ. ಇಲ್ಲೇ ಇದಾರೆ, ನೋಡಿ!"

ಇಡೀ ಸಾಲು ನನ್ನ ಕಡೆ ತಿರುಗಿತು. ಜನ ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಭ್ಯಾಸ ಬಿಡಬೇಕಲ್ಲ, ಕತ್ತು ತಾನಾಗಿಯೇ ವಾಲಿತು.