ಉದಯ ನಡೆದು ಬಂದರೆ

ಉದಯ ನಮ್ಮ ಬಾಡ ಊರಿನ ಮೀನುಗಾರರ ಕೇರಿಗೆ ನಡೆದು ಬಂದರೆ ಹೆಂಗಸರು ಕೈಯಲ್ಲಿದ್ದ ಮೀನನ್ನು ಹಾಗೇ ಬಿಟ್ಟು, ಕಡಲಿಗೆ ಹೋದ ತಮ್ಮ ತಮ್ಮವರನ್ನು ನೆನೆಯತೊಡಗುತ್ತಾರೆ. ಹೊನ್ನಾವರದ ಸುದ್ದಿವಾಹಿನಿಯೊಂದಕ್ಕೆ ಕುಮಟಾದಿಂದ ಭಟ್ಕಳದವರೆಗಿನ ವರದಿ ಮಾಡುವ ಅವನು ರಸ್ತೆ, ಮಳೆ, ಚುನಾವಣೆಯ ಸುದ್ದಿಗಾದರೆ ಅಂಗಳದವರೆಗೆ ಬೈಕಿನಲ್ಲೇ ಬರುತ್ತಾನೆ. ಸಾವಿನ ಸುದ್ದಿಯಿದ್ದರೆ ಮಾತ್ರ ಬೈಕನ್ನು ತಿರುವಿನಲ್ಲಿ ಬಿಟ್ಟು, ಕ್ಯಾಮೆರಾದ ಚೀಲವನ್ನು ಬೆನ್ನ ಹಿಂದೆ ಸರಿಸಿ, ಎಡಗಾಲನ್ನು ತುಸು ಎಳೆಯುತ್ತ, ಗದ್ದೆಯ ಬದುವಿನ ಮೇಲೆ ನಡೆಯುವವನಂತೆ ನಿಧಾನವಾಗಿ ಬರುತ್ತಾನೆ. ಸತ್ತವರ ಹೆಸರು ಮನೆಯವರಿಗೆ ತಿಳಿಯುವ ಮೊದಲು ಪರದೆಯ ಮೇಲೆ ಬರಬಾರದೆಂಬುದು ಅವನ ಹಠ. ಯಾರು ಏನು ಹೇಳಿದರೂ ಅವನದು ಒಂದೇ ಪ್ರಶ್ನೆ: “ನೀ ಕಂಡದ್ದೋ, ಕೇಳಿದ್ದೋ?”

“ನಿನ್ನ ಮೋರೆ ಟೀವಿಯಲ್ಲೇ ಚಂದ ಮಾರಾಯ, ಇಲ್ಲಿ ತೋರಿಸ್ಬ್ಯಾಡ,” ಎಂದು ಪಕ್ಕದ ಮನೆಯ ಹಮ್ಮ ಛೇಡಿಸುವುದುಂಟು. ಅವನು ನಕ್ಕು, ತನ್ನ ಹತ್ತು ಜೇಬಿನ ಮಾಸಿದ ಕೋಟಿನಿಂದ ಅವಳಿಗೆ ಕವಳದ ವೀಳ್ಯದೆಲೆ ತೆಗೆದುಕೊಡುತ್ತಾನೆ.

ಹೋದ ವರ್ಷ ನವರಾತ್ರಿಯ ಹೊತ್ತಿಗೆ ಶರಾವತಿ ಕಡಲು ಸೇರುವಲ್ಲಿ ದೋಣಿ ಮಗುಚಿತು. ನನ್ನ ಮಗ ಗಣೇಶ ಅದರಲ್ಲಿದ್ದ. ಸಿಕ್ಕಿದ ಹೆಣದ ಮಳೆಕೋಟಿನ ಜೇಬಿನಲ್ಲಿ ಅವನ ಗುರುತಿನ ಕಾರ್ಡು ಇತ್ತೆಂದು ಎಲ್ಲರ ಫೋನಿನಲ್ಲೂ ಅವನ ಹೆಸರು ಬಂತು. ಸೊಸೆ ಕುಸುಮಾ ಕಲ್ಲಾಗಿ ಕುಳಿತಿದ್ದಳು. ಯಾರೋ ಆಗಲೇ ಅವಳ ಬಳೆಗೆ ಕೈ ಹಾಕಿದ್ದರು.

ಆಗ ಉದಯನ ಬೈಕು ಅಂಗಳಕ್ಕೇ ಬಂತು. ಭಯದಲ್ಲಿ ಅದರ ಅರ್ಥ ನನಗೆ ಹೊಳೆಯಲಿಲ್ಲ.

“ಬಳೆ ಮುಟ್ಬ್ಯಾಡಿ! ಅಮ್ಮಾ, ನಾ ಇನ್ನೂ ಮೋರೆ ನೋಡ್ಲಿಲ್ಲ. ಆಸ್ಪತ್ರೆಗೆ ಹೋತೆ.”

ಅಷ್ಟರಲ್ಲಿ ಅವನ ಕಚೇರಿಯಿಂದ ಫೋನು, ಆಚೆಯವನ ಕೂಗು ನನಗೂ ಕೇಳಿತು: “ಬೇರೆ ಚಾನೆಲ್ಲಿನವರೆಲ್ಲ ಹೆಸರು ಹಾಕಿ ಆತು! ನೀ ಎಂತ ಮಾಡ್ತೆ ಅಲ್ಲಿ? ನಾಳೆಯಿಂದ ಕೆಲಸಕ್ಕೆ ಬರೂದು ಬ್ಯಾಡ!”

“ಬ್ಯಾಡಾದ್ರೆ ಬ್ಯಾಡ,” ಎಂದು ಉದಯ ಬೈಕು ತಿರುಗಿಸಿದ. ಇಂಥ ಬೆದರಿಕೆ ಅವನಿಗೆ ಹೊಸತಾಗಿರಲಿಲ್ಲ.

ಆಮೇಲಿನ ಹೊತ್ತನ್ನು ಹೇಗೆ ಕಳೆದೆವೋ. ಕಡೆಗೆ ಕುಸುಮಾಳ ಫೋನು ಹೊಡೆದುಕೊಂಡಾಗ ತೆಗೆಯುವ ಧೈರ್ಯ ಅವಳಿಗಿರಲಿಲ್ಲ, ನಾನೇ ಹಿಡಿದೆ. ಉದಯನ ದನಿ.

“ಅಮ್ಮಾ, ಗಣೇಶ ಅಲ್ಲ. ಅವನ ಕೋಟು ಬೇರೆಯವ ಹಾಕ್ಕಂಡಿದ್ದ. ಗಣೇಶನ್ನ ಇನ್ನೊಂದು ದೋಣಿಯವರು ಎತ್ತಿ ಭಟ್ಕಳ ಬಂದರಿಗೆ ತಂದಿದ್ರು. ಅವನ ಹತ್ರವೇ ಮಾತಾಡಿದೆ.”

ದೋಣಿಯಲ್ಲಿ ಚಳಿಯಾದವನಿಗೆ ಕೋಟು ಬಿಚ್ಚಿಕೊಡುವುದು ಇದ್ದದ್ದೇ. ನಾನು ಅಳುತ್ತಲೇ ಕೇಳಿದೆ: “ಮತ್ತೆ ಸತ್ತವ ಯಾರಾ?”

“ಅವರ ಮನೆಗೇ ಹೋತೆ. ಮೊದಲು ಅವರಿಗೆ ಹೇಳ್ತೆ.”

ನನ್ನ ಸಂತೋಷ ಬಾಯಲ್ಲೇ ಒಣಗಿತು. ಆ ದೋಣಿಗೆ ನಮ್ಮ ಕೇರಿಯ ಇನ್ನೂ ಇಬ್ಬರು ಹೋಗಿದ್ದರು. ಸಂಜೆಯವರೆಗೆ ಎಲ್ಲರೂ ರಸ್ತೆ ನೋಡುತ್ತ ಕುಳಿತೆವು. ಅವನು ಹೋದದ್ದು ಭಟ್ಕಳದ ಬದಿಯ ಮುಟ್ಟಳ್ಳಿಗೆ, ಸತ್ತವ ಅಲ್ಲಿಯವ.

ಕಂಡದ್ದನ್ನಷ್ಟೇ ಹೇಳುವವರ ಪಾಡೇ ಇದು. ಫೋನಿನ ಸುದ್ದಿಯೆದುರು ‘ಇರಲಿಕ್ಕಿಲ್ಲ’ ಎಂಬ ಆಸರೆಯೊಂದು ಉಳಿದಿರುತ್ತದೆ. ಇಂಥವರು ಬಾಯಿ ತೆರೆದರೆ ಅದೂ ಉಳಿಯುವುದಿಲ್ಲ. ಊರು ಅವರನ್ನು ನಂಬುತ್ತದೆ, ಕೂರಿಸಿ ಚಾ ಕೊಡುತ್ತದೆ. ಅವರು ಎದ್ದು ಹೋಗುವ ತನಕ ಮಾತ್ರ ಉಸಿರನ್ನು ಪೂರ್ತಿ ಬಿಡುವುದಿಲ್ಲ.